ನಮ್ಮ ಆಟಕ್ಕೆ ಒಂದು ವರ್ಷ ತುಂಬಿತು, ಥ್ಯಾಂಕ್ಸ್ ಹೇಳೋದಿದೆ

ನಮ್ಮ ಹುಲಿ-ಕುರಿ ಕಂಪ್ಯೂಟರ್ ಆಟ, ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದು ಈ ವಾರಕ್ಕೆ ಒಂದು ವರ್ಷ ತುಂಬಿತು. ಕೋಡ್ ಬರೆಯುವ ನಾನು, ಚಿತ್ರ ಬಿಡಿಸುವ ಗೆಳೆಯ, ಸಂಗೀತದ ಜೊತೆ ಲೆಕ್ಕಪತ್ರವನ್ನೂ ನೋಡುವ ಇನ್ನೊಬ್ಬ ಗೆಳೆಯ, ಇಷ್ಟೇ ನಮ್ಮ ಸ್ಟುಡಿಯೋ. ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ ಕೋಣೆ. ಈಗಲೂ ಅಲ್ಲೇ ಇದ್ದೇವೆ, ಇದೇ ಕೆಲಸ ಮಾಡುತ್ತಿದ್ದೇವೆ. ಅದು ಯಾರಿಂದ ಸಾಧ್ಯವಾಯಿತು ಅನ್ನೋದನ್ನ ಬಿಡಿಸಿ ಬರೆಯಬೇಕು ಅನಿಸಿತು, ಯಾಕೆಂದರೆ ನಿಮ್ಮಲ್ಲಿ ತುಂಬಾ ಜನರಿಗೆ ನೀವು ನಮಗೆ ಏನು ಮಾಡಿದ್ದೀರಿ ಅಂತಲೇ ಗೊತ್ತಿಲ್ಲ.

ಬಿಡುಗಡೆಗೆ ಮುಂಚಿನ ವರ್ಷ ಬಹಳ ಕಷ್ಟದ್ದು. ದುಡ್ಡು ಹಾಕುತ್ತೇವೆ ಎಂದಿದ್ದ ಪಬ್ಲಿಷರ್ ಆಟ ಅರ್ಧ ಆಗಿರುವಾಗ ಕೈಬಿಟ್ಟರು. ಹಗಲು ಬೇರೆಯವರ ಆ್ಯಪ್ ಕೆಲಸ, ರಾತ್ರಿ ನಮ್ಮ ಆಟ, ಹೀಗೆ ತಿಂಗಳುಗಟ್ಟಲೆ ನಡೆಯಿತು. ಬಾಡಿಗೆ ತಡವಾಗುತ್ತಿತ್ತು. ಕೆಳಗಿನ ಮನೆಯ ಓನರ್ ಆಂಟಿ ಒಂದು ಸಲವೂ ಮೆಟ್ಟಿಲು ಹತ್ತಿ ಬಂದು ಕೇಳಲಿಲ್ಲ. ನಾನೇ ಹೋಗಿ ಹೇಳಿದರೆ "ಮೊದ್ಲು ಆಟ ಮುಗಿಸಮ್ಮ, ಬಾಡಿಗೆ ಎಲ್ಲಿಗೆ ಓಡಿಹೋಗುತ್ತೆ" ಅಂದರು. ಆಂಟಿ, ನಿಮ್ಮ ಋಣ ದೊಡ್ಡದು.

ಇನ್ನು ವಿಶ್‌ಲಿಸ್ಟ್, ಅಂದರೆ ಮುಂದೆ ಕೊಳ್ಳಬೇಕೆಂದು ಗುರುತು ಹಾಕಿಡುವ ಪಟ್ಟಿ, ಒತ್ತಿದವರು. ಒಂದು ಬಟನ್ ಒತ್ತಿದೆವು, ಅದರಲ್ಲೇನಿದೆ ಅಂತ ನಿಮಗೆ ಅನಿಸಬಹುದು. ನಮ್ಮಂಥವರ ಹತ್ತಿರ ಜಾಹೀರಾತಿಗೆ ಕಾಸಿಲ್ಲ. ವಿಶ್‌ಲಿಸ್ಟ್‌ಗೆ ಹಾಕಿದವರಿಗೆ ಬಿಡುಗಡೆಯ ದಿನ ಸ್ಟೀಮ್ ತಾನೇ ಮೇಲ್ ಕಳಿಸುತ್ತದೆ, ಆಮೇಲೆ 20% ಅಥವಾ ಅದಕ್ಕಿಂತ ಜಾಸ್ತಿ ರಿಯಾಯಿತಿ ಕೊಟ್ಟಾಗ ಮತ್ತೆ ಕಳಿಸುತ್ತದೆ. ನಮಗಿದ್ದ ಪ್ರಚಾರ ಅಷ್ಟೇ. ಬರಲಿರುವ ಆಟಗಳ ಡೆಮೋ ಆಡಿಸುವ ಸ್ಟೀಮ್‌ನ ಉತ್ಸವ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಆದರೆ ಒಂದು ಆಟಕ್ಕೆ ಸಿಗುವುದು ಒಂದೇ ಅವಕಾಶ. ಆ ವಾರ ನಮ್ಮ ಡೆಮೋ ಡೌನ್‌ಲೋಡ್ ಮಾಡಿ, ಆಡಿ, ವಿಶ್‌ಲಿಸ್ಟ್‌ಗೆ ಹಾಕಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಲಿಂಕ್ ಹಂಚಿ, "ನಮ್ಮೂರಿನ ಆಟ ಕಣ್ರೋ, ಒಂದ್ಸಲ ನೋಡಿ" ಎಂದು ಬರೆದವರೆಲ್ಲ ಸೇರಿ ನಮ್ಮ ಬಿಡುಗಡೆಯ ದಿನವನ್ನು ಉಳಿಸಿದಿರಿ.

ರಿವ್ಯೂ ಬರೆದವರಿಗೆ ಬೇರೆಯಾಗಿಯೇ ಹೇಳಬೇಕು. 10 ರಿವ್ಯೂ ಆಗುವ ತನಕ ಸ್ಟೀಮ್ ಪುಟದಲ್ಲಿ ಆಟ ಚೆನ್ನಾಗಿದೆಯೋ ಇಲ್ಲವೋ ಎಂಬ ಒಟ್ಟು ಅಭಿಪ್ರಾಯವೇ ಕಾಣುವುದಿಲ್ಲ. ಹೊಸಬರು ಬಂದು ನೋಡುತ್ತಾರೆ, ಏನೂ ತಿಳಿಯದೆ ಹೊರಟುಹೋಗುತ್ತಾರೆ. ಮನೆಯವರಿಗೆ, ಸ್ನೇಹಿತರಿಗೆ ಕೀ (ಆಟವನ್ನು ಉಚಿತವಾಗಿ ಪಡೆಯುವ ಸಂಕೇತ) ಕೊಟ್ಟು ಬರೆಸಿದರೂ ಅದು ಆ ಲೆಕ್ಕಕ್ಕೆ ಸೇರುವುದಿಲ್ಲ, ಸ್ಟೀಮ್‌ನಲ್ಲೇ ದುಡ್ಡು ಕೊಟ್ಟು ಕೊಂಡವರ ಮಾತು ಮಾತ್ರ ಲೆಕ್ಕ. ಅಂದರೆ ನಮಗೆ ಪರಿಚಯವೇ ಇಲ್ಲದ ಜನ ಕೊಂಡು, ಆಡಿ, ತಮ್ಮ ಸಮಯ ಕೊಟ್ಟು ಬರೆಯಬೇಕು. ನೀವು ಬರೆದಿರಿ. "ಮಧ್ಯಾಹ್ನ ಶುರು ಮಾಡಿದೆ, ಕಾಫಿ ಮರೆತೆ" ಅಂತ ಒಬ್ಬರು ಬರೆದ ಸಾಲನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೇವೆ.

ಈಗ ಅಜ್ಜಿಯ ವಿಷಯ. ನಮ್ಮ ಚಿತ್ರಕಾರನ ಅಜ್ಜಿ, ನಂಜನಗೂಡಿನವರು.

ಹುಲಿ-ಕುರಿ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಾವು ಮಾಡಿದ ಬಗೆಯಲ್ಲಿ 3 ಹುಲಿ, 15 ಕುರಿ. ಕುರಿಗಳನ್ನು ಒಂದೊಂದಾಗಿ ಮಣೆಯ ಮೇಲೆ ಇಡಬೇಕು, ಎಲ್ಲಾ ಇಟ್ಟಾದ ಮೇಲೆಯೇ ಸರಿಸಬೇಕು. ಹುಲಿ ಕುರಿಯ ಮೇಲೆ ಹಾರಿ, ಅದರ ಹಿಂದಿನ ಖಾಲಿ ಮನೆಗೆ ಇಳಿದು ಅದನ್ನು ತಿನ್ನುತ್ತದೆ, ಕುರಿಗಳು ಎಲ್ಲಾ ಹುಲಿಗಳನ್ನೂ ಅಲುಗಾಡದ ಹಾಗೆ ಕಟ್ಟಿಹಾಕಬೇಕು. ಎರಡೂ ಕಡೆಯವರ ಬಲ ಬೇರೆ, ಆಡುವ ರೀತಿ ಬೇರೆ. ಎಷ್ಟು ಚೆಂದದ ಯೋಚನೆ ಅಲ್ವಾ! ಈ ಆಟವನ್ನೇ ಕಂಪ್ಯೂಟರಿಗೆ ತರೋಣ ಅಂತ ನಮಗೆ ಹೊಳೆದದ್ದು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಕ್ರೀಡಾಕೌಶಲ್ಯ ಪ್ರದರ್ಶನದಲ್ಲಿ ಹಳೇ ಆಟದ ಮಣೆಗಳನ್ನು ನೋಡಿದಾಗ. ಅದನ್ನು ನಡೆಸುವವರಿಗೂ ನಮ್ಮ ನಮಸ್ಕಾರ.

ಆಟ ಇನ್ನೂ ಮಾಡುತ್ತಿದ್ದಾಗ ಒಂದು ದಿನ ಅಜ್ಜಿ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಣೆ ಬರೆದರು. ಕುರಿಗೆ ಹುಣಸೆಬೀಜ, ಹುಲಿಗೆ ಬೆಣಚುಕಲ್ಲು. ನಮ್ಮ ಕಂಪ್ಯೂಟರ್ ಹುಲಿ ಲ್ಯಾಪ್‌ಟಾಪ್‌ನಲ್ಲಿ ಏನು ಆಡುತ್ತದೋ ಅದನ್ನು ನಾನು ನೆಲದ ಮೇಲೆ ನಡೆಸುತ್ತಿದ್ದೆ. ಅಜ್ಜಿ ಮೊದಲ ಕುರಿಗಳನ್ನೆಲ್ಲ ಅಂಚಿನಲ್ಲೇ ಇಟ್ಟರು. "ಹಿಂದಿನ ಮನೆ ಖಾಲಿ ಇದ್ರೆ ತಾನೇ ಹಾರೋದು" ಅಂದರು. ಆಮೇಲೆ ಒಂದು ಬೀಜವನ್ನು ಬೇಕೆಂದೇ ಹುಲಿಯ ಬಾಯಿಗೆ ಕೊಟ್ಟರು. ಹುಲಿ ಹಾರಿ ತಿಂದಿತು, ಮೂಲೆಗೆ ಹೋಗಿ ಬಿತ್ತು. ಅಜ್ಜಿ ಎರಡು ಬೀಜ ಇಟ್ಟು ಬಾಗಿಲು ಹಾಕಿದರು. ಆ ಹುಲಿ ಆಟ ಮುಗಿಯುವವರೆಗೂ ಅಲ್ಲೇ. ನಮ್ಮ ಹುಲಿಗೆ ಸಿಕ್ಕಿದ್ದನ್ನು ತಿನ್ನುವುದಷ್ಟೇ ಗೊತ್ತಿತ್ತು. ಆ ಸಂಜೆಯೇ ಕೂತು ಬೇರೆ ಲೆಕ್ಕ ಬರೆದೆ: ತಿನ್ನುವ ಮುಂಚೆ, ತಿಂದಾದ ಮೇಲೆ ನನಗೆ ಸರಿಯೋಕೆ ಎಷ್ಟು ದಾರಿ ಉಳಿಯುತ್ತದೆ ಅಂತ ಹುಲಿ ಎಣಿಸಬೇಕು. ರಿವ್ಯೂಗಳಲ್ಲಿ ನೀವು ಜಾಸ್ತಿ ಹೊಗಳಿದ್ದು "ಈ ಹುಲಿ ಯೋಚನೆ ಮಾಡುತ್ತೆ" ಅಂತ. ಆ ಹೊಗಳಿಕೆ ಅಜ್ಜಿಗೆ ಸಲ್ಲಬೇಕು. ಒಂದೊಂದನ್ನೂ ಅವರಿಗೆ ಓದಿ ಹೇಳಿದ್ದೇವೆ.

ನಾವು ಆಟ ಕಟ್ಟಲು ಬಳಸಿದ ಸಾಫ್ಟ್‌ವೇರ್ ಗೊಡೋ ಎಂಜಿನ್. ಅದನ್ನು ಕಟ್ಟಿದವರು ಇದನ್ನು ಓದಲಾರರು, ಆದರೂ ಬರೆಯುತ್ತೇನೆ. ಹಳೆಯ ಆವೃತ್ತಿಯಲ್ಲಿ ನಾವು ಶುರು ಮಾಡಿದಾಗ ಕನ್ನಡದ ಒತ್ತಕ್ಷರ ಕೂಡುತ್ತಲೇ ಇರಲಿಲ್ಲ, ಕೆಳಗೆ ಇಳಿಯಬೇಕಾದ ಒತ್ತು ಪಕ್ಕದಲ್ಲಿ ಬಿಡಿ ಅಕ್ಷರವಾಗಿ ನಿಲ್ಲುತ್ತಿತ್ತು. ಕನ್ನಡದ ಮಾತನ್ನೆಲ್ಲ ಚಿತ್ರ ಮಾಡಿ ಅಂಟಿಸಬೇಕಾದೀತು ಎಂಬ ಸ್ಥಿತಿ. 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿ ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸಿ ಅಕ್ಷರ ಜೋಡಿಸುತ್ತದೆ, ಅದರಲ್ಲಿ ನಮ್ಮ ಲಿಪಿ ಸರಿಯಾಗಿ ಮೂಡಿತು. ಇಷ್ಟೆಲ್ಲ ಉಚಿತ, ಕೋಡ್ ಎಲ್ಲರಿಗೂ ತೆರೆದಿದೆ. ಆಟದ ಮೆನುವಿನಲ್ಲಿ ಕಾಣುವ ದುಂಡನೆಯ ಅಕ್ಷರ, ಫಾಂಟ್ ತಯಾರಿಸುವ ಏಕ್ ಟೈಪ್‌ನವರ ಬಲೂ ತಮ್ಮ, ಅದೂ ಮುಕ್ತ ಫಾಂಟ್.

ಶಿರಸಿಯ ಆ ಹುಡುಗನಿಗೆ, ಹೆಸರು ಹಾಕಬೇಡಿ ಎಂದಿದ್ದೀಯ, ಹಾಕುತ್ತಿಲ್ಲ. ನಿನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆಟ ತೆರೆದರೆ ಬರೀ ಕಪ್ಪು ಪರದೆ. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ, ನೀನು ಸುಮ್ನೆ ವಾಪಸ್ ತಗೊಂಡು ಹೋಗಬಹುದಿತ್ತು. ಅದರ ಬದಲು ಆಟ ತಾನೇ ಬರೆದಿಡುವ ಲಾಗ್ ಫೈಲ್ ಕಳಿಸಿದೆ, ನಾವು ಕೊಟ್ಟ ಆವೃತ್ತಿಗಳನ್ನು ಒಂದೊಂದಾಗಿ ಹಾಕಿ ನೋಡಿದೆ, ಫೋನಿನಲ್ಲಿ ಪರದೆಯ ಫೋಟೋ ತೆಗೆದು ಕಳಿಸಿದೆ. ಪರದೆಯ ಮೇಲೆ ಚಿತ್ರ ಮೂಡಿಸಲು ನಮ್ಮ ಆಟ ಬಳಸುತ್ತಿದ್ದ ವಲ್ಕನ್ ಎಂಬ ವ್ಯವಸ್ಥೆ ಆ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್‌ಗೆ ಬರುವುದಿಲ್ಲ ಅಂತ ತಿಳಿದದ್ದು ನಿನ್ನಿಂದ. ಅದೇ ಕೆಲಸ ಮಾಡುವ ಹಳೆಯ ಓಪನ್‌ಜಿಎಲ್‌ಗೆ ಬದಲಾಯಿಸಿದೆವು, ಅದೇ ತೊಂದರೆ ಇದ್ದ ಎಷ್ಟೋ ಮನೆಗಳಲ್ಲಿ ಆಟ ತೆರೆಯಿತು.

ನಮ್ಮ ಆಡಿಟರ್ ಸರ್‌ಗೆ ಕೂಡ. ಆಟ ಮಾರಿದ ದುಡ್ಡಿನಲ್ಲಿ ಸ್ಟೀಮ್‌ನ ಪಾಲು 30%. ಅಮೆರಿಕದಲ್ಲಿ ಕೊಂಡವರ ದುಡ್ಡಿನ ಮೇಲೆ ಅಲ್ಲಿನ ತೆರಿಗೆ ಬೇರೆ ಹಿಡಿಯುತ್ತಾರೆ, ಎರಡು ದೇಶಗಳ ಒಪ್ಪಂದದ ಪ್ರಕಾರ ಪ್ಯಾನ್ ಸಂಖ್ಯೆ ಕೊಟ್ಟು ಫಾರ್ಮ್ ತುಂಬಿದರೆ ಅದು 30% ಇದ್ದದ್ದು 15% ಆಗುತ್ತದೆ. ಇದನ್ನು ನಮಗೆ ಬಿಡಿಸಿ ಹೇಳಿದವರು, ರಫ್ತಿಗೆ ಜಿಎಸ್‌ಟಿ ಕಟ್ಟದಿರಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿಸಿದವರು, ಬ್ಯಾಂಕಿನ ಕಾಗದ ಸರಿಮಾಡಿಸಿದವರು ಅವರೇ. ಫೀಸು ಕೊಡಲು ಹೋದರೆ "ಆಟ ಓಡ್ಲಿ, ಆಮೇಲೆ" ಅಂದರು. ಆಟ ಓಡಿತು ಸರ್, ಈ ತಿಂಗಳು ಕೊಟ್ಟೇ ಕೊಡುತ್ತೇವೆ.

ಆಟ ಮಾರುವ ಇನ್ನೊಂದು ಆನ್‌ಲೈನ್ ಅಂಗಡಿ ಇಚ್.ಐಓದಲ್ಲಿ ಕೊಂಡವರು ಬೇಕಿದ್ದರೆ ಬೆಲೆಗಿಂತ ಜಾಸ್ತಿ ಕೊಡಬಹುದು. ಹೊರದೇಶದ ಕನ್ನಡಿಗರು ತುಂಬಾ ಜನ ಹಾಗೆ ಕೊಟ್ಟಿದ್ದೀರಿ. ಒಬ್ಬರು "ಮಗಳಿಗೆ ಕನ್ನಡ ಓದೋಕೆ ಒಂದು ನೆಪ ಸಿಕ್ಕಿತು" ಎಂದು ಬರೆದಿದ್ದರು. ಆ ಮಗುವಿಗೆಂದೇ ಅಕ್ಷರದ ಗಾತ್ರ ಹೆಚ್ಚಿಸುವ ಆಯ್ಕೆ ಹಾಕಿದೆವು, ಈಗ ಅದನ್ನು ಬಳಸುತ್ತೇವೆ ಎಂದು ನಮಗೆ ಬರೆಯುತ್ತಿರುವವರಲ್ಲಿ ವಯಸ್ಸಾದವರೇ ಜಾಸ್ತಿ.

ಮುಂದಿನ ಅಪ್‌ಡೇಟ್‌ನಲ್ಲಿ ಒಂದೇ ಕಂಪ್ಯೂಟರ್ ಮುಂದೆ ಇಬ್ಬರು ಕೂತು ಆಡುವ ವ್ಯವಸ್ಥೆ ಬರುತ್ತದೆ, ಕೊಂಡವರಿಗೆಲ್ಲ ಉಚಿತ. ಹಳೇ ಲ್ಯಾಪ್‌ಟಾಪ್ ಇರುವವರು ಯಾರಾದರೂ ಮೊದಲೇ ಆಡಿ ನೋಡುವ ಹಾಗಿದ್ದರೆ ಬರೆಯಿರಿ, ಕೀ ಕಳಿಸುತ್ತೇವೆ.