ವಿಶ್ವವಿದ್ಯಾಲಯ ಹುಟ್ಟುವ ಮುಂಚಿನ ಹೊಲ

ತಮ್ಮಾ,

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಗ್ಗೆ ನೀನು ಬರೆದ ಮೊದಲ ಅಧ್ಯಾಯ ಓದಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು, ಕೃಷಿ ರಸಾಯನ ತಜ್ಞ ಲೆಹ್ಮನ್ ಸಾಹೇಬರ ಪ್ರಯೋಗ ಶುರುವಾಯಿತು, ಆಮೇಲೆ 1913ರ ಕೃಷಿ ಶಾಲೆ, 1946ರ ಕಾಲೇಜು, 1964ರ ವಿಶ್ವವಿದ್ಯಾಲಯ. ತಪ್ಪೇನಿಲ್ಲ, ಆದರೆ ಯಾವ ಸ್ಮರಣ ಸಂಚಿಕೆ ತೆಗೆದರೂ ಇದೇ ಇರುತ್ತೆ, ಅಲ್ವಾ? ಆ 30 ಎಕರೆ ಅದಕ್ಕೂ ಮೊದಲು ಏನಾಗಿತ್ತು? ಯಾರಾದರೂ ರಾಗಿ ಬಿತ್ತುತ್ತಿದ್ದರಾ, ಊರ ದನ ಮೇಯುತ್ತಿದ್ದವಾ, ಸುಮ್ನೆ ಖರಾಬು ಬಿದ್ದಿತ್ತಾ? ನೀನು ಕೇಳಿಯೇ ಇಲ್ಲ.

ರಾಜ್ಯ ಪತ್ರಾಗಾರಕ್ಕೆ ಹೋಗು. ಅಲ್ಲಿನ ಸೂಚಿಯಲ್ಲಿ ವಿಶ್ವವಿದ್ಯಾಲಯ ಅಂತ ಹುಡುಕಬೇಡ, ಆಗ ಅದು ಹುಟ್ಟೇ ಇರಲಿಲ್ಲ. ಕಂದಾಯ ಮತ್ತು ಕೃಷಿಯ ಕಡತ ಕೇಳು. ಜಮೀನು ಯಾರಿಂದ ಯಾರಿಗೆ ಹೋಯಿತು, ಬಾವಿಗೆ ಎಷ್ಟು ಕೊಟ್ಟರು, ಎತ್ತು ಯಾರು ನೋಡಿಕೊಂಡರು, ಇಂಥ ಬೇಜಾರು ಹಿಡಿಸುವ ಕಾಗದ ಸಿಕ್ಕರೆ ಬಿಡಬೇಡ. ಭಾಷಣದ ಪ್ರತಿಗಿಂತ ಕೂಲಿ ಲೆಕ್ಕದಲ್ಲಿ ಊರು ಜಾಸ್ತಿ ಕಾಣುತ್ತೆ. ಸರ್ವೆಯ ಹಳೇ ಗ್ರಾಮ ನಕ್ಷೆ ಪಕ್ಕದಲ್ಲಿ ಇಟ್ಟುಕೊಂಡು ಓದು.

ಇನ್ನೊಂದು ವಿಷಯ. ನಿನ್ನ ಬರಹ ಹೆಬ್ಬಾಳದ ಬೇಲಿ ದಾಟೋದೇ ಇಲ್ಲ. 1908ರಲ್ಲಿ ಕೆನಡಾದಿಂದ ಬಂದ ಸಸ್ಯರೋಗ, ಕೀಟ ತಜ್ಞ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಮಲೆನಾಡಿನ ತೋಟಗಳಿಗೆ ಹೋದರು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಗೊನೆಗೆ ಹೊಡೆಯೋದನ್ನ ಬೆಳೆಗಾರರು ಒಪ್ಪಿಕೊಂಡಿದ್ದು ಹೇಗೆ, ಮಳೆ ಹಿಡಿಯೋ ಮುಂಚೆ ಅಷ್ಟೆತ್ತರದ ಮರ ಹತ್ತಿ ಹೊಡೆದವರು ಯಾರು, ಖರ್ಚು ಯಾರದ್ದು? ಕೃಷಿ ಇಲಾಖೆಯ ವಾರ್ಷಿಕ ವರದಿಯಲ್ಲಿ ಸಾಹೇಬರ ಮಾತು ಸಿಗುತ್ತೆ. ಆದರೆ ವರದಿ ಅಂದ್ರೆ ಮೇಲಿನವರಿಗೆ ಒಪ್ಪಿಸೋ ಲೆಕ್ಕ ತಾನೇ, ಸೋತಿದ್ದನ್ನ ಮೆಲ್ಲಗೆ ಹೇಳಿರುತ್ತಾರೆ. ಹಾಗಾಗಿ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನೂ ತೆಗೆಸು. 1881ರಿಂದ ಮೈಸೂರಿನಲ್ಲಿ ದಸರೆಗೆ ಸೇರುತ್ತಿದ್ದ ಸಭೆ ಅದು, ತಾಲೂಕುಗಳಿಂದ ಬಂದವರು ಕೆರೆ, ಕಂದಾಯ, ಬೆಳೆ ಅಂತ ದೂರು ಹೇಳಿಕೊಳ್ಳುತ್ತಿದ್ದರು. ಅಲ್ಲೂ ಮಾತಾಡಿದವರು ಬಹುಪಾಲು ಜಮೀನು, ಅನುಕೂಲ ಇದ್ದವರೇ. ಕೂಲಿಯವರ ದನಿ ಅಲ್ಲಿ ನಿರೀಕ್ಷಿಸಬೇಡ, ಸಿಗದಿದ್ದರೆ ಕಲ್ಪಿಸಿಕೊಂಡು ತುಂಬಲೂ ಬೇಡ.

ಎರಡು ಕಾಗದ ಎರಡು ಥರ ಹೇಳಿದರೆ ಎರಡನ್ನೂ ಹಾಕು. ಕಡತದ ನಂಬರು, ವರ್ಷ, ಪುಟ ಆಗಲೇ ಬರೆದುಕೋ. ಫೋಟೋಗೆ ಅನುಮತಿ ಬೇಕಾಗುತ್ತೆ, ಹೋದ ತಕ್ಷಣ ಅರ್ಜಿ ಕೊಡು. ಮಹಾರಾಣಿಯವರ ದಾನವನ್ನ ಸದ್ಯಕ್ಕೆ ಮೂರನೇ ಪುಟಕ್ಕೆ ತಳ್ಳಿ, ಹೊಸ ಕರಡು ಕಳಿಸು.