ಕೋಲಾರದ ಎದುರಾಳಿಗೆ ವಂದನೆ

ನನ್ನ ಚೆಸ್ ಎಂಜಿನ್, ಅಂದರೆ ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಆಡುವ ನಡೆಗಳು ಇನ್ನೊಂದು ಎಂಜಿನ್‌ನ ನಡೆಗಳಿಗೆ ಹೊಂದಿಕೆಯಾಗುತ್ತವೆ ಎಂದು ದೂರಿ ಅದರ ಮೇಲೆ ಹೊರಿಸಲಾಗಿದ್ದ ಕೋಡ್ ಕಳ್ಳತನದ ಆರೋಪವನ್ನು ಎಂಜಿನ್‌ಗಳ ಪಂದ್ಯಾವಳಿಯ ಆಯೋಜಕರು ಕೈಬಿಟ್ಟಿದ್ದಾರೆ. ಎಂಜಿನ್‌ನ ಹೊಸ ಆವೃತ್ತಿಯೂ ಮೂಲ ಕೋಡ್ ಸಮೇತ ಬಿಡುಗಡೆಯಾಗಿದೆ. ಇದು ಯಾರಿಂದ ಸಾಧ್ಯವಾಯಿತು ಎಂಬುದನ್ನು ನಾಲ್ಕು ಜನರ ಮುಂದೆ ಹೇಳುವುದು ನನ್ನ ಕರ್ತವ್ಯ. ಮೊದಲ ವಂದನೆ ಕೋಲಾರದ ಪ್ರೋಗ್ರಾಮರ್ ಒಬ್ಬರಿಗೆ ಸಲ್ಲಬೇಕು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಹಾಕುತ್ತಿಲ್ಲ. ಅವರ ಎಂಜಿನ್ ಮತ್ತು ನನ್ನದು ವರ್ಷಗಳಿಂದ ರೇಟಿಂಗ್ ಪಟ್ಟಿಯಲ್ಲಿ ಒಂದನ್ನೊಂದು ಹಿಂದಿಕ್ಕುತ್ತಲೇ ಬಂದಿವೆ. ನಾನು ಹೊರಬಿದ್ದಿದ್ದರೆ ಲಾಭ ಅವರಿಗೇ ಆಗುತ್ತಿತ್ತು.

ಈ ಆರೋಪ ಎಷ್ಟು ಭಾರವಾದದ್ದು ಎಂಬುದು ಚದುರಂಗದ ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತು. ಫ್ಯಾಬಿಯನ್ ಲೆಟೂಝಿ ಅವರು 2005ರಲ್ಲಿ ತಮ್ಮ ಫ್ರೂಟ್ ಎಂಜಿನ್‌ನ 2.1ನೇ ಆವೃತ್ತಿಯ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಾಗ ಒಂದು ಇಡೀ ತಲೆಮಾರು ಅದನ್ನು ಓದಿ ಕಲಿಯಿತು. ಓದಿ ಕಲಿಯುವುದು ಎಲ್ಲಿಗೆ ಮುಗಿದು ಎತ್ತಿಕೊಳ್ಳುವುದು ಎಲ್ಲಿಂದ ಶುರುವಾಗುತ್ತದೆ ಎಂಬ ಜಗಳವೂ ಅದರ ಬೆನ್ನಿಗೇ ಬಂತು. ವಾಸಿಕ್ ರಾಜ್ಲಿಕ್ ಅವರ ರಿಬ್ಕಾ ಎಂಜಿನ್, ಫ್ರೂಟ್ ಮತ್ತು ಕ್ರಾಫ್ಟಿ ಎಂಬ ಇನ್ನೊಂದು ಎಂಜಿನ್‌ನ ಕೋಡನ್ನು ಬಳಸಿಕೊಂಡಿದೆ ಎಂದು ಪ್ರತಿಸ್ಪರ್ಧಿ ಪ್ರೋಗ್ರಾಮರ್‌ಗಳೇ ದೂರಿದರು; ರಾಜ್ಲಿಕ್ ಅದನ್ನು ನಿರಾಕರಿಸಿದರು; 2011ರಲ್ಲಿ, ಕಂಪ್ಯೂಟರ್ ಚೆಸ್‌ನ ವಿಶ್ವ ಪಂದ್ಯಾವಳಿ ನಡೆಸುವ ಐಸಿಜಿಎ ಸಂಸ್ಥೆ, ರಿಬ್ಕಾ 2007ರಿಂದ 2010ರವರೆಗೆ ಗೆದ್ದಿದ್ದ ವಿಶ್ವ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡು ಅವರಿಗೆ ಆಜೀವ ನಿಷೇಧ ಹೇರಿತು. ಆ ಆಜೀವ ನಿಷೇಧ ಸರಿಯಲ್ಲವೆಂದು 2015ರಲ್ಲಿ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನೀತಿ ಆಯೋಗ ಹೇಳಿತಾದರೂ ಎರಡು ಬಣಗಳ ನಡುವಿನ ಕಹಿ ಅಷ್ಟಕ್ಕೆ ಕರಗಲಿಲ್ಲ. ಅಷ್ಟು ದೊಡ್ಡವರ ಪಾಡೇ ಹಾಗಾದ ಮೇಲೆ, ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಕೆಲಸ ಮುಗಿದ ಮೇಲೆ ಕೋಡ್ ಬರೆಯುವ ನನ್ನ ಮಾತನ್ನು ಯಾರು ನಂಬುತ್ತಾರೆ ಎಂಬ ಅಂಜಿಕೆ ನನಗಿತ್ತು.

ಕೋಲಾರದವರು ಫೋನ್ ಮಾಡಿದಾಗ ಸಮಾಧಾನದ ಮಾತು ಒಂದೂ ಆಡಲಿಲ್ಲ. "ಸಾರ್, ನಿಮ್ಮ ಕೋಡ್ ನೋಡದೆ ನಿಮ್ಮ ಪರ ಮಾತಾಡೋಕೆ ಆಗಲ್ಲ. ನೋಡಿದ ಮೇಲೆ ವಿರುದ್ಧ ಬರೆದರೂ ಬರೆಯಬಹುದು, ಆಗಬಹುದಾ?" ಎಂದರು. ಒಪ್ಪಿದೆ. ಮುಂದಿನ ಭಾನುವಾರ ಅವರು ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು, ಬೆಂಗಳೂರಿನಲ್ಲಿ ಬಸ್ಸು ಬದಲಿಸಿ, ತುಮಕೂರಿಗೆ ಬಂದರು.

ಅವರು ಮೊದಲು ತೆರೆದದ್ದು ಕುದುರೆಯ ಪಟ್ಟಿಯನ್ನು. ಯಾವ ಕಾಯಿ ಯಾವ ಮನೆಯಲ್ಲಿದ್ದರೆ ಎಷ್ಟು ಅಂಕ ಎಂದು ಹೇಳುವ 64 ಸಂಖ್ಯೆಗಳ ಪಟ್ಟಿ ಪ್ರತಿ ಕಾಯಿಗೂ ಇರುತ್ತದೆ. ಫ್ರೂಟ್ ಈ ಸಂಖ್ಯೆಗಳನ್ನು ಚಿಕ್ಕದೊಂದು ಸೂತ್ರದಿಂದ ಲೆಕ್ಕ ಹಾಕಿಕೊಳ್ಳುತ್ತದೆ. ರಿಬ್ಕಾದ ಪಟ್ಟಿಗಳು ಅದೇ ಸೂತ್ರದಿಂದ ಹುಟ್ಟುತ್ತವೆ ಎಂಬುದು ಆ ಪ್ರಕರಣದಲ್ಲಿ ಮುಂದಿಟ್ಟ ಸಾಕ್ಷ್ಯಗಳಲ್ಲೊಂದು. ನನ್ನ ಪಟ್ಟಿಯನ್ನು ಅಂಥ ಯಾವುದಾದರೂ ಸೂತ್ರಕ್ಕೆ ಒಗ್ಗಿಸಲು ಅವರು ಮಧ್ಯಾಹ್ನದವರೆಗೂ ಪ್ರಯತ್ನಿಸಿದರು. ಒಗ್ಗಲಿಲ್ಲ. ನನ್ನ ಸಂಖ್ಯೆಗಳು ಪೀಟರ್ ಓಸ್ಟರ್‌ಲುಂಡ್ ಅವರ ಟೆಕ್ಸೆಲ್ ಎಂಜಿನ್‌ನಿಂದ ಹೆಸರು ಪಡೆದ ಟ್ಯೂನಿಂಗ್ ವಿಧಾನದಿಂದ, ಅಂದರೆ ಆಡಿ ಮುಗಿದ ಆಟಗಳ ಸ್ಥಿತಿಗಳನ್ನು ಅವುಗಳ ಫಲಿತಾಂಶದೊಂದಿಗೆ ಹೋಲಿಸಿ ತಿದ್ದುತ್ತಾ ಹೋಗುವ ಕ್ರಮದಿಂದ ಬಂದವು. ಹಾಗಾಗಿ, ಸೂತ್ರದಿಂದ ಬಂದ ಪಟ್ಟಿಯಲ್ಲಿರುವಂತೆ, ರಾಜನ ಬದಿಯ ಅಂಕಗಳಿಗೂ ಮಂತ್ರಿಯ ಬದಿಯ ಅಂಕಗಳಿಗೂ ತಾಳೆಯಿರಲಿಲ್ಲ. ಊಟದ ನಂತರ ಅವರು ಗಿಟ್ ಇತಿಹಾಸವನ್ನು, ಅಂದರೆ ಕೋಡ್‌ಗೆ ಮಾಡಿದ ಪ್ರತಿ ಬದಲಾವಣೆಯ ದಾಖಲೆಯನ್ನು, ಮೊದಲ ದಿನದಿಂದ ಓದುತ್ತಾ ಬಂದರು. ನಡೆಗಳು ಹೊಂದಿಕೆಯಾಗುತ್ತಿದ್ದುದಕ್ಕೆ ಕಾರಣವೂ ಸಿಕ್ಕಿತು: ದೂರಿನಲ್ಲಿ ಹೆಸರಿಸಿದ್ದ ಎಂಜಿನ್ನೂ ನನ್ನದೂ ಟ್ಯೂನಿಂಗ್‌ಗೆ ಬಳಸಿದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದೇ ಸ್ಥಿತಿ ಸಂಗ್ರಹವನ್ನು.

ಆಯೋಜಕರಿಗೆ ಅವರು ಕಳುಹಿಸಿದ ವರದಿಯಲ್ಲಿ ನನ್ನ ಬಗ್ಗೆ ಒಂದೂ ಹೊಗಳಿಕೆಯಿಲ್ಲ. ಆನೆ, ಒಂಟೆಗಳ ನಡೆ ಹುಟ್ಟಿಸುವ ಭಾಗದ ಕುರಿತು "ಇದು ಖಂಡಿತ ಇವರದೇ, ಇಷ್ಟು ನಿಧಾನದ ಕೋಡನ್ನು ಯಾರೂ ಕದಿಯುವುದಿಲ್ಲ" ಎಂದು ಬರೆದಿದ್ದಾರೆ. ಮನೆಯವರಿಗೆ ಓದಿ ಹೇಳಿದಾಗ ಅವರು ನಕ್ಕಷ್ಟು ನನಗೆ ನಗಲಾಗಲಿಲ್ಲ. ಆದರೂ ಆ ವರದಿಗೆ ತೂಕ ಬಂದದ್ದು ಅದರ ನಿಷ್ಠುರತೆಯಿಂದಲೇ ಎಂದು ನನ್ನ ನಂಬಿಕೆ. ಸ್ನೇಹಿತನೊಬ್ಬ ಕೊಟ್ಟ ಯೋಗ್ಯತಾಪತ್ರಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯೂ ಸಿಗುತ್ತಿರಲಿಲ್ಲ.

ದೂರು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾದೀತು, ಆದರೆ ಅನುಮಾನ ಬಂದರೆ ಕೇಳುವ ಹಕ್ಕು ಅವರಿಗಿದೆ. ಪಡೆದದ್ದನ್ನು ಹೇಳಿಕೊಂಡರೆ ಈ ಕಸುಬಿನಲ್ಲಿ ಯಾರ ಮಾನವೂ ಹೋಗುವುದಿಲ್ಲ. ಇಂದು ಮುಂಚೂಣಿಯಲ್ಲಿರುವ ಸ್ಟಾಕ್‌ಫಿಶ್ ಕೂಡ 2008ರಲ್ಲಿ ಟೋರ್ಡ್ ರೊಮ್‌ಸ್ಟಾಡ್ ಅವರ ಗ್ಲಾರಂಗ್ ಎಂಜಿನ್‌ನಿಂದ ಕವಲೊಡೆದದ್ದು. ಹಾಗೆ ಕವಲೊಡೆಸಿದ ಮಾರ್ಕೊ ಕೊಸ್ತಾಲ್ಬಾ ಅದನ್ನು ಮುಚ್ಚಿಡಲಿಲ್ಲ, ರೊಮ್‌ಸ್ಟಾಡ್ ಮುನಿಸಿಕೊಳ್ಳದೆ ತಾವೇ ಆ ತಂಡ ಸೇರಿದರು. ನನ್ನ ಹೊಸ ಆವೃತ್ತಿಯಲ್ಲೂ ಯಾವ ಉಪಾಯ ಎಲ್ಲಿಂದ ಬಂದದ್ದು ಎಂಬುದನ್ನು ಆಯಾ ಕಡತದ ನೆತ್ತಿಯಲ್ಲೇ ಬರೆದಿದ್ದೇನೆ.

ರಾತ್ರಿಯಿಡೀ ಪರೀಕ್ಷಾ ಆಟಗಳನ್ನು ಓಡಿಸಲು ತಮ್ಮ ಕಂಪ್ಯೂಟರ್‌ಗಳನ್ನು ಬಿಟ್ಟುಕೊಟ್ಟ ನಮ್ಮೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಫ್ಯಾನಿನ ಸದ್ದನ್ನೂ ಏರಿದ ಕರೆಂಟ್ ಬಿಲ್ಲನ್ನೂ ಸಹಿಸಿಕೊಂಡ ಮನೆಯವರಿಗೆ, ವರದಿಯನ್ನು ತಾಳ್ಮೆಯಿಂದ ಓದಿ ತೀರ್ಮಾನ ಬದಲಿಸಿದ ಆಯೋಜಕರಿಗೆ ನಾನು ಋಣಿ. ಕೋಲಾರದವರಿಗೆ ಇನ್ನೊಂದು ಮಾತು: ನೀವು ಟೀಕಿಸಿದ ಆ ಭಾಗವನ್ನು ಪೂರ್ತಿ ಹೊಸದಾಗಿ ಬರೆದಿದ್ದೇನೆ, ಮುಂದಿನ ಸುತ್ತಿನಲ್ಲಿ ನಿಮ್ಮ ಎಂಜಿನ್‌ಗೆ ಕಪ್ಪು ಕಾಯಿ ಬಂದಿದೆ, ದಯವಿಟ್ಟು ಸಿದ್ಧರಾಗಿ ಬನ್ನಿ.