ಆತ್ಮರಕ್ಷಣೆಯ ಕೋಲು ಎಂದು ನೀವು ಮಾರಿದ ಊರುಗೋಲಿನ ಬಗ್ಗೆ ದೂರು

ಇವರಿಂದ:
ನಿವೃತ್ತ ಬಸ್ ಮೆಕ್ಯಾನಿಕ್,
ಅರಸೀಕೆರೆ, ಹಾಸನ ಜಿಲ್ಲೆ

ಇವರಿಗೆ:
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು
(ಊರುಗೋಲು ತಯಾರಿಸಿ ಆನ್‌ಲೈನಿನಲ್ಲಿ ಮಾರುವ ತಮ್ಮ ಕಂಪನಿ)

ದಿನಾಂಕ: 12-11-2025

ವಿಷಯ: ಊರುಗೋಲು ಮಡಚಿ ನನ್ನ ಹೆಂಡತಿ ಬಿದ್ದು ಕೈ ಮುರಿದುಕೊಂಡಿರುವುದು, ಮತ್ತು ಆ ಕೋಲಿನ ಬಗ್ಗೆ ತಾವು ಕೊಡುತ್ತಿರುವ ತಪ್ಪು ಜಾಹೀರಾತು.

ಮಾನ್ಯರೇ,

ನಿಮ್ಮ ಕಂಪನಿಯ ಊರುಗೋಲನ್ನು 2025ರ ಆಗಸ್ಟ್ 18ರಂದು 1,849 ರೂಪಾಯಿ ಕೊಟ್ಟು ತರಿಸಿಕೊಂಡೆ. ಜೂನ್ ತಿಂಗಳಲ್ಲಿ ನನ್ನ ಹೆಂಡತಿಗೆ ಬಲಮಂಡಿಯ ಕೀಲು ಬದಲಿಸುವ ಆಪರೇಷನ್ ಆಗಿತ್ತು. ಅಕ್ಟೋಬರ್ 9ರ ಬೆಳಿಗ್ಗೆ ಆ ಕೋಲು ಆಕೆಯ ಕೈಯಲ್ಲೇ ಮಡಚಿಕೊಂಡಿತು. ಆಕೆ ಬಿದ್ದು ಎಡ ಮಣಿಕಟ್ಟಿನ ಮೂಳೆ ಮುರಿದಿದೆ. ಕೋಲು ಹಿಡಿಯುತ್ತಿದ್ದುದು ಅದೇ ಕೈಯಲ್ಲಿ. ಒಂದು ತಿಂಗಳಿಂದ ಬಚ್ಚಲಿಗೆ ಹೋಗಬೇಕಾದರೂ ಆಕೆಗೆ ನನ್ನ ಹೆಗಲೇ ಆಸರೆ. ಆಪರೇಷನ್ ಆದ ಮೇಲೆ ದಿನಕ್ಕೆ ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ ಎಂದು ಕಷ್ಟಪಟ್ಟು ಹಾಲಿನ ಬೂತಿನವರೆಗೂ ನಡೆಯುವಷ್ಟು ಆಗಿದ್ದವಳು ಮತ್ತೆ ಮಂಚಕ್ಕೆ ಬಂದಿದ್ದಾಳೆ.

ಈ ಕೋಲನ್ನು ನಾವು ಯಾಕೆ ಆರಿಸಿಕೊಂಡೆವು ಎನ್ನುವುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ದೂರಿನ ಬುಡ ಅಲ್ಲಿದೆ. ನಮ್ಮ ಬೀದಿಯಲ್ಲಿ ನಾಯಿಗಳಿವೆ. ಬೆಳಿಗ್ಗೆ ಆರಕ್ಕೆ ಹಾಲಿಗೆ ಹೋಗುವವರಿಗೆ ಅವುಗಳ ಭಯ ಇದ್ದೇ ಇದೆ. ಮೆಲ್ಲಗೆ, ಒಂದು ಕಾಲು ಎಳೆದುಕೊಂಡು ನಡೆಯುವವರನ್ನು ಕಂಡರೆ ಅವು ಇನ್ನಷ್ಟು ಬೊಗಳುತ್ತವೆ. ಬೆಂಗಳೂರಿನಲ್ಲಿರುವ ನಮ್ಮ ಸೊಸೆ ಫೋನಿನಲ್ಲಿ ನಿಮ್ಮ ಜಾಹೀರಾತು ತೋರಿಸಿದಳು. ಆಸರೆಗೂ ಆಗುತ್ತದೆ, ಆತ್ಮರಕ್ಷಣೆಗೂ ಆಗುತ್ತದೆ ಎಂದು ಕನ್ನಡದಲ್ಲೇ ಬರೆದಿದ್ದಿರಿ. 150 ಕೆ.ಜಿ. ಭಾರ ಹೊರುತ್ತದೆ, ವಿಮಾನಕ್ಕೆ ಬಳಸುವಂಥ ಅಲ್ಯೂಮಿನಿಯಂ ಎಂದಿದ್ದಿರಿ. ವಿಡಿಯೋದಲ್ಲಿ ಬಿಳಿ ಕೂದಲಿನ ಹಿರಿಯರೊಬ್ಬರು ಅದೇ ಕೋಲನ್ನು ಎತ್ತಿ ಬೀಸಿ ಎರಡು ನಾಯಿಗಳನ್ನು ಓಡಿಸುತ್ತಾರೆ. ಅದನ್ನು ನೋಡಿ ನನ್ನ ಹೆಂಡತಿಯ ಮುಖದಲ್ಲಿ ಬಂದ ಧೈರ್ಯ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಇದೇ ಇರಲಿ" ಎಂದಳು. ಅಂಗಡಿಯಲ್ಲಿ ನಾನು ನೋಡಿ ಬಂದಿದ್ದ ಸಾದಾ ಬೆತ್ತದ ಕೋಲನ್ನು ಬಿಟ್ಟು ಇದನ್ನು ತರಿಸಿದೆವು.

ಕೋಲಿನ ಜೊತೆ ಬಳಸುವ ಕ್ರಮದ ಒಂದು ಚೀಟಿಯೂ ಇರಲಿಲ್ಲ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದರಿಂದ ನಮಗೆ ಗೊತ್ತಿತ್ತು: ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು, ನೋವಿರುವುದು ಬಲಗಾಲಾದರೆ ಕೋಲು ಎಡಗೈಯಲ್ಲಿರಬೇಕು, ಕೋಲು ಮತ್ತು ನೋವಿನ ಕಾಲು ಒಟ್ಟಿಗೆ ಮುಂದೆ ಹೋಗಬೇಕು. ಹಾಗೆ ಅಳೆದು 77 ಸೆಂಟಿಮೀಟರಿಗೆ ಹೊಂದಿಸಿಕೊಟ್ಟೆ. ನಿಮ್ಮ ಡಬ್ಬಿಯ ಮೇಲಿನ ಚಿತ್ರ ನೋಡಿ. ಮಂಡಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು ಪಟ್ಟಿ ಇರುವ ಕಾಲಿನ ಕಡೆಯ ಕೈಯಲ್ಲೇ ಕೋಲು ಹಿಡಿದಿದ್ದಾಳೆ. ಹೇಳಿಕೊಡುವವರು ಯಾರೂ ಇಲ್ಲದ ಮನೆಗಳಲ್ಲಿ ಆ ಚಿತ್ರವೇ ಪಾಠವಾಗುತ್ತದೆ.

ಈಗ ಅಕ್ಟೋಬರ್ 9ರ ವಿಷಯ. ರಾತ್ರಿ ಮಳೆ ಬಂದು ರಸ್ತೆ ಒದ್ದೆಯಾಗಿತ್ತು. ಟ್ರಾನ್ಸ್‌ಫಾರ್ಮರ್ ಪಕ್ಕ ಮರಿ ಹಾಕಿದ್ದ ನಾಯಿ ಬೊಗಳುತ್ತಾ ಎದ್ದು ಬಂತು. ನನ್ನ ಹೆಂಡತಿ ಅದಕ್ಕೆ ಹೊಡೆಯಲಿಲ್ಲ. ಹಸು ಕರು ಸಾಕಿದ ಮನೆಯಲ್ಲಿ ಬೆಳೆದವಳು. ಪ್ರಾಣಿ ಮೈಮೇಲೆ ಬಂದರೆ ಕೋಲನ್ನು ನಡುವೆ ಅಡ್ಡ ಹಿಡಿದು ನಿಲ್ಲಬೇಕು, ಓಡಬಾರದು ಎಂದು ಆಕೆಗೆ ಗೊತ್ತು. ಹಾಗೇ ಹಿಡಿದಳು. ನಾಯಿ ಕೋಲಿನ ತುದಿಯನ್ನು ಬಾಯಲ್ಲಿ ಕಚ್ಚಿ ಪಕ್ಕಕ್ಕೆ ಎಳೆಯಿತು. ಬೂತಿನ ಹುಡುಗ ಕೂಗಿಕೊಂಡು ಬಂದದ್ದಕ್ಕೆ ಬಿಟ್ಟಿತು. ಅಷ್ಟರಲ್ಲಿ ಅದರ ಹಲ್ಲು ಮೊಣಕಾಲಿನ ಕೆಳಗೆ ತಾಗಿ ಚರ್ಮ ತರಚಿತ್ತು. ಆಕೆ ಸುಧಾರಿಸಿಕೊಂಡು ಕೋಲನ್ನು ನೆಲಕ್ಕೆ ಊರಿ ಭಾರ ಬಿಟ್ಟಳು. ಆಗ ಕೋಲು ನಡುವಿನಲ್ಲಿ ಮಡಚಿಕೊಂಡಿತು. ನಾಯಿಯ ಹಲ್ಲಿನಿಂದ ಬಿದ್ದದ್ದಲ್ಲ, ನಿಮ್ಮ ಕೋಲನ್ನು ನಂಬಿ ಊರಿದ್ದರಿಂದ ಬಿದ್ದಳು.

ತರಚಿದ ಜಾಗವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಬಂದಿರಲಿಲ್ಲ, ಆದರೂ ಹುಚ್ಚುನಾಯಿ ರೋಗದ ಚುಚ್ಚುಮದ್ದು ಬೇಕೇ ಬೇಕು ಎಂದರು. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಮುರಿದ ಕೈ ನೇತುಹಾಕಿಕೊಂಡು ನಾಲ್ಕು ಸಲ ಆಟೋದಲ್ಲಿ ಓಡಾಡಿದ್ದೇವೆ. ಕೈಯ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಮರಿ ಕಾಯುತ್ತಿತ್ತು.

ನಾನು ಮೂವತ್ತೊಂದು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವನು. ಮುರಿದ ಭಾಗ ಕೈಗೆ ಬಂದರೆ ಎಲ್ಲಿ, ಯಾಕೆ ಮುರಿಯಿತು ಎಂದು ನೋಡದೆ ಬಿಡುವ ಅಭ್ಯಾಸ ನನಗಿಲ್ಲ. ನಿಮ್ಮ ಕೋಲಿನ ಮೇಲಿನ ಪೈಪಿನ ಹೊರವ್ಯಾಸ 22 ಮಿಲಿಮೀಟರ್. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ ಪೈಪಿನ ಗೋಡೆಯ ದಪ್ಪ 1 ಮಿಲಿಮೀಟರ್ ಕೂಡ ಇಲ್ಲ. ಎತ್ತರ ಹೊಂದಿಸುವುದಕ್ಕೆ ಒಂದೇ ಸಾಲಿನಲ್ಲಿ ಹತ್ತು ತೂತು ಕೊರೆದಿದ್ದೀರಿ. ಕೊರೆದ ಮೇಲೆ ಅಂಚು ಉಜ್ಜಿಲ್ಲ. ಬೆರಳಿಗೆ ಗರಗಸದ ಹಾಗೆ ತಾಗುತ್ತದೆ. ಸ್ಪ್ರಿಂಗ್ ಗುಂಡಿ ಕೂತಿದ್ದ ತೂತಿನ ಅಂಚಿನಿಂದಲೇ ಸೀಳು ಹೊರಟಿದೆ. ಬಸ್ಸಿನ ಕಮಾನು ಪ್ಲೇಟು ತುಂಡಾಗಿ ಬಂದಾಗಲೂ ನಡುವಿನ ಬೋಲ್ಟಿನ ತೂತಿನ ಹತ್ತಿರ ತುಂಡಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ತೂತು ಇರುವ ಕಡೆ ಎಳೆತವೆಲ್ಲ ಬಂದು ಸೇರುತ್ತದೆ. ಇದು ವರ್ಕ್‌ಶಾಪಿನಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ತಿಳಿದ ಮಾತು.

ನೀವು ಬರೆದಿರುವ 150 ಕೆ.ಜಿ. ಸುಳ್ಳು ಎಂದು ನಾನು ಹೇಳುವುದಿಲ್ಲ. ಪೈಪನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅಷ್ಟು ಹೊತ್ತೀತು. ಆದರೆ ನೆಟ್ಟಗೆ ಬರುವ ಭಾರ ಬೇರೆ, ಅಡ್ಡ ಬೀಳುವ ಪೆಟ್ಟು ಬೇರೆ. ಅಡ್ಡಕ್ಕೆ ಎಳೆದಾಗ ಪೈಪು ಬಾಗಬೇಕಾಗುತ್ತದೆ. ತೆಳು ಗೋಡೆಯ ಪೈಪು ಬಾಗುವುದಿಲ್ಲ, ತೂತಿನ ಬಳಿ ನುಗ್ಗಾಗುತ್ತದೆ, ಒಂದು ಸಲ ನುಗ್ಗಾದ ಪೈಪು ಆಮೇಲೆ ಮೊದಲಿನಷ್ಟು ಭಾರ ತಡೆಯುವುದಿಲ್ಲ. ನಾಯಿ ಎಳೆದದ್ದು ಅಡ್ಡಕ್ಕೆ. ರಕ್ಷಣೆ ಎಂದರೆ ಯಾವಾಗಲೂ ಅಡ್ಡಕ್ಕೇ ಅಲ್ಲವೇ? ನೆಟ್ಟಗಿನ ಲೆಕ್ಕ ತೋರಿಸಿ ಅಡ್ಡದ ಕೆಲಸಕ್ಕೆ ಮಾರಿದ್ದೀರಿ. ಈ ಒಂದು ವಾಕ್ಯಕ್ಕೆ ನಿಮ್ಮ ಎಂಜಿನಿಯರುಗಳಿಂದ ನನಗೆ ಲಿಖಿತ ಉತ್ತರ ಬೇಕು.

ತುದಿಯ ರಬ್ಬರ್ ಬುಷ್ ವಿಷಯ ಚಿಕ್ಕದಲ್ಲ, ಆದರೂ ಬೇಗ ಹೇಳಿ ಮುಗಿಸುತ್ತೇನೆ. ಅದು ರಬ್ಬರ್ ಅಲ್ಲ, ಗಟ್ಟಿ ಪ್ಲಾಸ್ಟಿಕ್. ಒದ್ದೆ ನೆಲದಲ್ಲಿ ಜಾರುತ್ತಿತ್ತು. ಒಳಗೆ ಲೋಹದ ವಾಷರ್ ಇಲ್ಲದ್ದರಿಂದ ಏಳು ವಾರದಲ್ಲೇ ಪೈಪಿನ ಅಂಚು ತಳ ಕೊರೆಯಲು ಶುರುಮಾಡಿತ್ತು. ಸರ್ಜಿಕಲ್ ಅಂಗಡಿಯಲ್ಲಿ ವಾಷರ್ ಇರುವ ಒಳ್ಳೆಯ ಬುಷ್ 60 ರೂಪಾಯಿಗೆ ಸಿಗುತ್ತದೆ. ಇಂಥ ಬುಷ್‌ಗಳ ಹಿಡಿತವನ್ನು ಪರೀಕ್ಷೆ ಮಾಡುವುದಕ್ಕೆಂದೇ ಐಎಸ್‌ಒ 24415 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ನಿಮ್ಮದು ಯಾವ ಪರೀಕ್ಷೆ ಆಗಿದೆ ಎಂದು ಡಬ್ಬಿಯ ಯಾವ ಮೂಲೆಯಲ್ಲೂ ಇಲ್ಲ.

ಅಕ್ಟೋಬರ್ 11ರಂದು ಫೋಟೋಗಳ ಸಮೇತ ನಿಮಗೆ ಇಮೇಲ್ ಕಳಿಸಿದೆ. 27ರಂದು ಉತ್ತರ ಬಂತು. ಕೋಲನ್ನು ಊರಿಕೊಂಡು ನಡೆಯಲು ಮಾತ್ರ ಬಳಸಬೇಕು, ಬೇರೆ ಕೆಲಸಕ್ಕೆ ಬಳಸಿದರೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಅದರಲ್ಲಿದೆ. ಹಾಗಾದರೆ ಆ ವಿಡಿಯೋದಲ್ಲಿರುವ ಹಿರಿಯರು ಮಾಡುತ್ತಿರುವುದೇನು? ಈ ಪತ್ರ ಬರೆಯುವ ಹೊತ್ತಿಗೂ ಆ ವಿಡಿಯೋ ನಿಮ್ಮ ಪುಟದಲ್ಲಿ ಇದೆ. ಮಾರುವಾಗ ಆಯುಧ, ಮುರಿದಾಗ ಬರೀ ಊರುಗೋಲು!

ಅದಕ್ಕಿಂತ ನನಗೆ ನೋವಾದದ್ದು ಆಮೇಲೆ ಬಂದ ಫೋನು. ನಿಮ್ಮ ಕಡೆಯ ಹುಡುಗ, ಹಳೆಯದರ ಬದಲು ಇನ್ನೊಂದು ಮಾದರಿಯನ್ನು ರಿಯಾಯಿತಿಯಲ್ಲಿ ಕೊಡುತ್ತೇವೆ, ಹಿಡಿ ತಿರುಗಿಸಿ ಎಳೆದರೆ ಒಳಗಿನಿಂದ ಉದ್ದನೆಯ ಅಲಗು ಬರುತ್ತದೆ ಎಂದ. ಅದಕ್ಕೆ ನಮ್ಮ ಕಡೆ ಗುಪ್ತಿ ಅನ್ನುತ್ತಾರೆ. ಗುಪ್ತಿಕೋಲು ಆಯುಧ ಕಾನೂನಿನ ನಿಯಮಗಳ ಪಟ್ಟಿಯಲ್ಲಿ ಕತ್ತಿಯ ಸಾಲಿನಲ್ಲಿದೆ ಎಂದು ಆ ಹುಡುಗನಿಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಅವನ ಮೇಲೆ ನನ್ನ ದೂರಿಲ್ಲ, ಬರೆದುಕೊಟ್ಟದ್ದನ್ನು ಓದಿದ್ದಾನೆ. ಆದರೆ ಮಂಡಿ ಆಪರೇಷನ್ ಆದ ಹೆಂಗಸಿನ ಕೈಗೆ ಗುಪ್ತಿ ಕೊಡಿ ಎಂದು ಬರೆದುಕೊಟ್ಟವರು ಯಾರು?

ಊರುಗೋಲು ಅಂದರೆ ಊರುವ ಕೋಲು. ಅದನ್ನು ಎತ್ತಿ ಬೀಸಿದ ಕ್ಷಣದಲ್ಲಿ ಆಸರೆ ಬೇಕಾದ ಮನುಷ್ಯ ಒಂದೂವರೆ ಕಾಲಿನ ಮೇಲೆ ನಿಂತಿರುತ್ತಾನೆ. ನಿಮ್ಮ ವಿಡಿಯೋ ನೋಡಿ ಯಾರಾದರೂ ಹಾಗೆ ಬೀಸಿದರೆ, ಕೋಲು ಗಟ್ಟಿ ಇದ್ದರೂ ಬೀಳುತ್ತಾರೆ. ವಯಸ್ಸಾದವರಿಗೆ ಹೇಳಿಕೊಡಬೇಕಾದ್ದು ಬೇರೆ: ಬೆನ್ನು ಗೋಡೆಗೋ ಕಂಬಕ್ಕೋ ಕೊಟ್ಟು ನಿಲ್ಲುವುದು, ಕೋಲಿನ ತುದಿಯನ್ನು ನೆಲದ ಹತ್ತಿರವೇ ಇಟ್ಟು ನಡುವೆ ಅಡ್ಡ ಮಾಡಿಕೊಳ್ಳುವುದು, ನೆಲಕ್ಕೆ ಕುಟ್ಟಿ ಸದ್ದು ಮಾಡುವುದು, ಜೋರಾಗಿ ಕೂಗಿ ಜನರನ್ನು ಕರೆಯುವುದು. ಅಷ್ಟಕ್ಕೆ ಬೇಕಾದ್ದು ಅಡ್ಡಪೆಟ್ಟಿಗೆ ನುಗ್ಗಾಗದ ಒಂದು ಕೋಲು. ಒಳಗೆ ಎಲಾಸ್ಟಿಕ್ ಹಾಕಿ ನಾಲ್ಕು ತುಂಡಾಗಿ ಮಡಚುವ ಕೋಲು, ತೂತಿನ ಸಾಲಿರುವ ತೆಳು ಪೈಪು, ಇವೆರಡನ್ನೂ ಆತ್ಮರಕ್ಷಣೆ ಎಂಬ ಹೆಸರಿನಲ್ಲಿ ಮಾರುವುದೇ ತಪ್ಪು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಇರಲಿ ಎಂದು ಈಗ ಬೆತ್ತದ ಕೋಲೊಂದನ್ನು ಮಾಡಿಸಿದ್ದೇನೆ. ಬೆತ್ತ ಬಿದಿರಿನ ಹಾಗೆ ಟೊಳ್ಳಲ್ಲ, ಒಳಗೂ ತುಂಬಿಕೊಂಡಿರುತ್ತದೆ. ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ, ಸೀಳುವ ಮುಂಚೆ ಸದ್ದು ಮಾಡಿ ಎಚ್ಚರಿಸುತ್ತದೆ. ಒಂದಿಂಚು ದಪ್ಪ, ಅಂಗೈ ಪೂರ್ತಿ ಕೂರುವಂತೆ ಅಡ್ಡಹಿಡಿ, ಆಕೆಯ ಅಳತೆಗೆ ಕತ್ತರಿಸಿದ್ದು, ತೂತು ಇಲ್ಲ. ವಾಷರ್ ಇರುವ ಬುಷ್ ಸೇರಿ 510 ರೂಪಾಯಿ ಆಯಿತು. ಎರಡು ಕಟ್ಟೆಗಳ ಮೇಲೆ ಅಡ್ಡ ಇಟ್ಟು ನಾನೇ ಮೆಲ್ಲಗೆ ಹತ್ತಿ ನಿಂತು ನೋಡಿದ್ದೇನೆ. ನೀವು ನಿಮ್ಮ ಕೋಲಿನ ಮೇಲೆ ಹೀಗೆ ಒಮ್ಮೆಯಾದರೂ ನಿಂತು ನೋಡಿದ್ದೀರಾ?

ನನ್ನ ಬೇಡಿಕೆಗಳು ಇವು. ಕೋಲಿನ 1,849 ರೂಪಾಯಿ ವಾಪಸ್ ಕೊಡಬೇಕು. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ, ಆಟೋ ಸೇರಿ ಬಿಲ್ಲು ಲಗತ್ತಿಸಿರುವ 14,320 ರೂಪಾಯಿಯನ್ನೂ ಕೊಡಬೇಕು. ಆತ್ಮರಕ್ಷಣೆ ಎಂಬ ಮಾತನ್ನೂ ಆ ವಿಡಿಯೋವನ್ನೂ ತಕ್ಷಣ ತೆಗೆಯಬೇಕು. ಹಣಕ್ಕಿಂತ ಮುಖ್ಯವಾದದ್ದು, ಇದೇ ಮಾದರಿ ಕೊಂಡ ಎಲ್ಲರಿಗೂ, ಅಡ್ಡಪೆಟ್ಟು ಬಿದ್ದ ಕೋಲನ್ನು ಮತ್ತೆ ಊರಬೇಡಿ ಎಂದು ಅವರವರ ಭಾಷೆಯಲ್ಲಿ ಸಂದೇಶ ಕಳಿಸಬೇಕು. ಅದಕ್ಕೆ ಒಂದು ದಿನ ಸಾಕು, ಅವರೆಲ್ಲರ ಫೋನ್ ನಂಬರು ನಿಮ್ಮ ಹತ್ತಿರ ಇದೆ. ಮುಂದೆ ಮಾರುವ ಪ್ರತಿ ಕೋಲಿನ ಜೊತೆ ಎತ್ತರ ಅಳೆಯುವ ಮತ್ತು ಯಾವ ಕೈಯಲ್ಲಿ ಹಿಡಿಯಬೇಕೆನ್ನುವ ಚೀಟಿ ಹಾಕಬೇಕು, ಡಬ್ಬಿಯ ಚಿತ್ರ ತಿದ್ದಬೇಕು.

ಇ-ಕಾಮರ್ಸ್ ನಿಯಮಗಳು, 2020ರ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಿತ್ತು. ಎರಡೂ ದಾಟಿವೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಸೆಕ್ಷನ್ 2(28) ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಹೇಳುತ್ತದೆ. ಸೆಕ್ಷನ್ 84ರ ಪ್ರಕಾರ, ವಿನ್ಯಾಸದ ದೋಷಕ್ಕೂ, ಸರಿಯಾಗಿ ಬಳಸುವ ಸೂಚನೆ ಅಥವಾ ಎಚ್ಚರಿಕೆ ಕೊಡದೆ ಇದ್ದದ್ದಕ್ಕೂ ತಯಾರಕರೇ ಹೊಣೆ. ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದು ಈಗಿನ ಕಾಯ್ದೆ ಹೇಳುವುದರಿಂದ, ನಿಮ್ಮ ಊರಿಗೆ ಬರುವ ಅಗತ್ಯ ನನಗಿಲ್ಲ.

ಮುರಿದ ಕೋಲನ್ನು ಕೊರಿಯರ್‌ನಲ್ಲಿ ವಾಪಸ್ ಕಳಿಸಿ ಎಂದು ನಿಮ್ಮ ಇಮೇಲಿನಲ್ಲಿದೆ. ಕಳಿಸುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ನೋಡಬೇಕೆನ್ನುವ ನಿಮ್ಮ ಎಂಜಿನಿಯರು ಯಾವ ದಿನ ಬೇಕಾದರೂ ಮನೆಗೆ ಬರಬಹುದು. ವರ್ನಿಯರ್ ನನ್ನ ಹತ್ತಿರ ಇದೆ. ಕೋಲಿನ ಜೊತೆಗೆ ಆಕೆಯ ಕೈಯನ್ನೂ ನೋಡಿಕೊಂಡು ಹೋಗಲಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿ ರಸೀದಿ, ಜಾಹೀರಾತಿನ ಮತ್ತು ಡಬ್ಬಿಯ ಫೋಟೋ, ಮುರಿದ ಜಾಗದ ಫೋಟೋ, ಆಸ್ಪತ್ರೆಯ ದಾಖಲೆ ಮತ್ತು ಬಿಲ್ಲುಗಳು, ತಾವು ಅಕ್ಟೋಬರ್ 27ರಂದು ಕಳಿಸಿದ ಇಮೇಲಿನ ಪ್ರತಿ.